ಅಳಿಯ ಕಲಸಿದ ಹಾಲು

ಮೊಮ್ಮಗಳ ಹಾಲಿಗೆ ನೀರು ಬೆರೆಸಿದವಳು ನಾನು. ಅಳಿಯ ಅಳತೆ ತಪ್ಪಿ ಹಾಲು ಕಲಸಿದ, ಅದಕ್ಕೇ ಕೂಸು ಸೊರಗಿತು ಎಂದು ನಮ್ಮ ನೆಂಟರಿಷ್ಟರೆಲ್ಲ ನಂಬಿದ್ದಾರೆ. ಕೆಲವರು ಅದನ್ನು ನನ್ನ ಬಾಯಿಂದಲೇ ಕೇಳಿದ್ದಾರೆ. ಅದು ಸುಳ್ಳು. ಅವನು ಕಲಸಿದ ಹಾಲು ಒಂದು ದಿನವೂ ಕೆಟ್ಟಿರಲಿಲ್ಲ. ಕೆಡಿಸಿದವಳು ನಾನು — ಗೊತ್ತಿದ್ದೇ, ದಿನವೂ — ಆಮೇಲೆ ಐದಾರು ವರ್ಷ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ. ಈಗ ಮನೆಯಲ್ಲಿ ಹೇಳಿಯಾಗಿದೆ. ಮನೆಯವರಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳುವುದು ಸುಲಭ ಅಂದುಕೊಂಡಿದ್ದೆ. ಬರೆಯಲು ಕೂತರೆ ಇದೂ ಕಷ್ಟವೇ.

ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ಯಲ್ಲಾಪುರ ಪೇಟೆಯಲ್ಲಿ ನಮ್ಮ ಮನೆ. ಬಾಣಂತಿಯರಿಗೆ ಲೇಹ್ಯ ಕಾಯಿಸಿಕೊಡುವುದು ನನ್ನ ಹವ್ಯಾಸವೂ ಹೌದು, ಜಂಬವೂ ಹೌದು. ಅತ್ತ ವಜ್ರಳ್ಳಿಯಿಂದ ಇತ್ತ ಹೆಗ್ಗರಣೆಯವರೆಗೆ ನಮ್ಮ ಬಳಗದಲ್ಲಿ ಎಲ್ಲಿ ಕೂಸು ಹುಟ್ಟಿದರೂ ನನಗೊಂದು ಫೋನು ಬರುತ್ತದೆ. ಕೂಸು ಒಂದೇ ಸಮ ಅಳುತ್ತದೆ, ಹೊಟ್ಟೆ ಉಬ್ಬರಿಸಿದೆ, ಬಾಣಂತಿಗೆ ಬದನೆಕಾಯಿ ಕೊಡಬಹುದೋ ಬಾರದೋ — ಕೇಳಿದ್ದಕ್ಕೆಲ್ಲ ನನ್ನಲ್ಲಿ ಉತ್ತರ ಇರುತ್ತಿತ್ತು. 'ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ' ಎಂದು ಯಾರಿಗಾದರೂ ಹೇಳಿದ ನೆನಪಿಲ್ಲ. ಎಲ್ಲ ಬಲ್ಲವಳು ಅನ್ನಿಸಿಕೊಂಡು ರೂಢಿಯಾದವರಿಗೆ ಆ ನಾಲ್ಕು ಮಾತು ಬಾಯಿಗೆ ಬರುವುದೇ ಇಲ್ಲ.

ನನ್ನ ಒಬ್ಬಳೇ ಮಗಳು ವೀಣಾ. ಅವಳು ಮದುವೆಯಾದದ್ದು ಬಸವರಾಜನನ್ನು. ಬನವಾಸಿ ಕಡೆಯವನು, ಸಿರ್ಸಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ನನ್ನ ತಂಗಿಯ ಮಗಳ ಮದುವೆಗೆ ಫೋಟೊ ತೆಗೆಯಲು ಬಂದವನು ಮದುಮಗಳಿಗಿಂತ ನನ್ನ ಮಗಳ ಫೋಟೊವನ್ನೇ ಹೆಚ್ಚು ತೆಗೆದಿದ್ದ. ಆಲ್ಬಂ ಕೈಗೆ ಬಂದಾಗ ನಮಗೆಲ್ಲ ವಿಷಯ ತಿಳಿಯಿತು. ನಮ್ಮವನಲ್ಲ, ನಮ್ಮ ಮಾತಲ್ಲ, ನಮ್ಮ ಪದ್ಧತಿಯಲ್ಲ. ಮಗಳ ಹಟಕ್ಕೆ ಒಪ್ಪಿದೆ. ಆದರೆ ಒಪ್ಪಿದ್ದು ಬಾಯಿ ಮಾತ್ರ. ಮನೆಗೆ ಬಂದ ಅಳಿಯನಿಗೆ ಬಡಿಸುವಾಗ ಎಷ್ಟು ನಗಬೇಕೋ ಅಷ್ಟೇ ನಗುತ್ತಿದ್ದೆ, 'ನೀವು, ತಾವು' ಎಂದು ದೂರದವರ ಮರ್ಯಾದೆ ಕೊಡುತ್ತಿದ್ದೆ. ಅವನು ಯಾವತ್ತಾದರೂ ಎಡವುತ್ತಾನೆ ಎಂದು ಕಾಯುತ್ತಿದ್ದೆನೋ ಏನೋ — ಇರಬೇಕು. ಈಗ ಮುಚ್ಚಿಟ್ಟು ಏನು ಮಾಡಲಿ.

ಚೊಚ್ಚಲ ಬಾಣಂತನ ತವರಲ್ಲಿ. ವೀಣಾ ಯಲ್ಲಾಪುರಕ್ಕೆ ಬಂದಳು. ಹೆರಿಗೆಗೆ ಆಪರೇಶನ್ ಆಯಿತು, ಮೇಲಿಂದ ಜ್ವರ ಬಂತು, ಇಂಜೆಕ್ಷನ್ನು, ಮಾತ್ರೆ. ಎದೆಹಾಲು ಸಾಕಾಗಲಿಲ್ಲ. ಎಷ್ಟು ಬರುತ್ತದೋ ಅಷ್ಟು ಕುಡಿಸಿ, ಆಮೇಲೆ ಡಬ್ಬಿಯ ಹಾಲು ಕೊಡಿ ಎಂದರು ಡಾಕ್ಟರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಊರಿನ ಬಾಣಂತಿಯರಿಗೆಲ್ಲ ಹಾಲು ಬರಿಸುವ ಲೇಹ್ಯ ಮಾಡುವವಳು ನಾನು — ನನ್ನ ಮನೆಯ ಅಡುಗೆ ಕಟ್ಟೆಯ ಮೇಲೆ ಪುಡಿ ಹಾಲಿನ ಡಬ್ಬಿ! ಯಾರಾದರೂ ಕೂಸನ್ನು ನೋಡಲು ಬಂದರೆ ಆ ಡಬ್ಬಿಯನ್ನು ಅವಲಕ್ಕಿ ಡಬ್ಬಿಯ ಹಿಂದೆ ಸರಿಸಿಡುತ್ತಿದ್ದೆ.

ಬಸವರಾಜ ಕೂಸಿನ ಮುಖ ನೋಡಿ ಹೋಗುತ್ತಾನೆ ಅಂದುಕೊಂಡಿದ್ದೆ. ಅವನು ಹೋಗಲಿಲ್ಲ. ಮದುವೆಯ ಹಂಗಾಮು ಮುಗಿದಿತ್ತು, ಸ್ಟುಡಿಯೊವನ್ನು ತಮ್ಮನ ಕೈಗೆ ಬಿಟ್ಟು ಬಂದಿದ್ದ. ಆಸ್ಪತ್ರೆಯಲ್ಲೇ ನರ್ಸಿನ ಹತ್ತಿರ ಹಾಲು ಕಲಸುವುದನ್ನು ಕೇಳಿ ಕಲಿತಿದ್ದ. ಗಂಡಸು, ಅದೂ ಅಳಿಯ, ಬಾಣಂತಿಯ ಮನೆಯಲ್ಲಿ ಉಳಿದು ಅಡುಗೆಮನೆಗೆ ನುಗ್ಗುವುದನ್ನು ನಾನು ಕಂಡವಳಲ್ಲ.

ಅವನು ಹಾಲು ಕಲಸುವುದನ್ನು ನೋಡಿದ್ದರೆ ನಿಮಗೂ ನಗು ಬರುತ್ತಿತ್ತು. ಸೋಪು ಹಾಕಿ ಮೊಣಕೈಯವರೆಗೆ ತೊಳೆಯುವುದು. ಬಾಟಲಿ, ಮುಚ್ಚಳ, ನಿಪ್ಪಲ್ ಎಲ್ಲ ಬಿಡಿಸಿ ಪಾತ್ರೆಯಲ್ಲಿ ಕುದಿಸುವುದು, ಒಗೆದ ಬಟ್ಟೆಯ ಮೇಲೆ ಒಂದೊಂದಾಗಿ ಇಡುವುದು. ಕುದಿಸಿದ ನೀರನ್ನು ಮೊದಲು ಬಾಟಲಿಗೆ ಹಾಕಿ, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವುದು — ಫೋಟೊ ತೆಗೆಯುವವನ ಕಣ್ಣಲ್ಲವೇ, ಕೂದಲೆಳೆ ಆಚೀಚೆಯಾದರೆ ಆಗುತ್ತಿರಲಿಲ್ಲ. ಆಮೇಲೆ ಡಬ್ಬಿಯೊಳಗಿನದೇ ಚಮಚದಲ್ಲಿ ಪುಡಿ ತೆಗೆದು, ಚೂರಿಯ ಬೆನ್ನಿನಿಂದ ಸವರಿ ಸಮ ಮಾಡಿ ಹಾಕುವುದು. ಅಲ್ಲಾಡಿಸಿ, ತಣಿಸಿ, ಮಣಿಕಟ್ಟಿನ ಒಳಮೈ ಮೇಲೆ ಹನಿ ಬಿಟ್ಟು ನೋಡಿಯೇ ಕೂಸಿನ ಬಾಯಿಗೆ. ಕುಡಿಸುವಾಗ ತಲೆ ಎತ್ತರಕ್ಕೆ ಇರಬೇಕು, ನಿಪ್ಪಲ್ ತುಂಬ ಹಾಲಿರಬೇಕು, ಇಲ್ಲದಿದ್ದರೆ ಗಾಳಿ ನುಂಗುತ್ತದಂತೆ. ನಡುವೆ ನಿಲ್ಲಿಸಿ ಹೆಗಲ ಮೇಲೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ಸವರುತ್ತಿದ್ದ. ಉಳಿದ ಹಾಲನ್ನು ಚೆಲ್ಲುತ್ತಿದ್ದ. ಅದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

"ಇದೆಂತ ಹೋಮಕ್ಕೆ ಕೂತಂಗೆ!" ಎಂದು ನಾನು ವೀಣಾಳ ಹತ್ತಿರ ಆಡಿಕೊಂಡರೆ ಅವಳು, "ಅವು ಚೆಂದ ಮಾಡ್ತ ಆಯಿ, ನೀ ಸುಮ್ನಿರು," ಎನ್ನುತ್ತಿದ್ದಳು. ಮಲಗಿದಲ್ಲೇ ಗಂಡನನ್ನು ನೋಡಿ ಅವಳ ಮುಖ ಅರಳುತ್ತಿತ್ತು. ನನ್ನ ಮಗಳ ಬಾಣಂತನದಲ್ಲಿ ನಾನು ಎರಡನೆಯವಳಾದೆ — ಇದು ಕಾರಣವೋ, ಅಲ್ಲವೋ... ಕಾರಣವೇ.

ನಮ್ಮಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ತಾಯಿಯ ಹಾಲು ಸಾಲದಿದ್ದರೆ ಕೂಸಿಗೆ ದನದ ಹಾಲು, ಅದಕ್ಕೆ ಅಷ್ಟೇ ನೀರು ಬೆರೆಸಿ, ಕುದಿಸಿ, ಒಳಲೆಯಲ್ಲಿ ಕುಡಿಸುವುದು. ಗಟ್ಟಿ ಹಾಲು ಎಳೆಗೂಸಿಗೆ ಅರಗುವುದಿಲ್ಲ, ಮಂದವಾಗುತ್ತದೆ ಎಂದು ನನ್ನ ಆಯಿ ನಮ್ಮನ್ನೆಲ್ಲ ಹಾಗೆಯೇ ಸಾಕಿದ್ದಳು. ಬಸವರಾಜ ಕಲಸಿದ ಹಾಲು ನನ್ನ ಕಣ್ಣಿಗೆ ಕೆನೆಯಂತೆ ದಪ್ಪ ಕಂಡಿತು. "ಇಷ್ಟು ಗಟ್ಟಿ ಇದ್ರೆ ಕೂಸಿಗೆ ಅರಗ್ತಿಲ್ಲೆ" ಎಂದೆ. ಅವನು ಮರ್ಯಾದೆಯಿಂದಲೇ, "ಹಂಗಲ್ರಿ ಅತ್ತಿಯವ್ರ, ಪುಡಿಗೆ ನೀರು ಎಷ್ಟ ಬೇಕೋ ಅಷ್ಟ ಮೊದ್ಲ ಲೆಕ್ಕ ಹಾಕಿರ್ತಾರ. ಡಬ್ಬಿ ಮ್ಯಾಲೆ ಬರದೈತಿ ನೋಡ್ರಿ," ಎಂದ. ಡಬ್ಬಿ ನೋಡಿ ಕೂಸು ಸಾಕುವುದನ್ನು ಕಲಿಯಬೇಕೇ ನಾನು? ಆ ಡಬ್ಬಿಯನ್ನು ಕೈಯಲ್ಲಿ ಮುಟ್ಟಲಿಲ್ಲ, ಓದಲೂ ಇಲ್ಲ.

ಮಾಡಿದ್ದನ್ನು ಈಗ ಹೇಳುತ್ತೇನೆ. ಕಲಸಿದ ಬಾಟಲಿಯನ್ನು ಅವನು ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿ, ಕೂಸಿನ ಬಟ್ಟೆ ಬದಲಿಸಲು ಕೋಣೆಗೆ ಹೋಗುತ್ತಿದ್ದ. ಆ ಹೊತ್ತಿಗೆ ನಾನು ಮುಚ್ಚಳ ತಿರುಗಿಸಿ, ಅರ್ಧದಷ್ಟು ಹಾಲನ್ನು ಲೋಟಕ್ಕೆ ಬಗ್ಗಿಸಿ, ಬಿಸಿನೀರು ತುಂಬಿ, ಮೊದಲಿದ್ದ ಹಾಗೆಯೇ ಇಡುತ್ತಿದ್ದೆ. ಅವನ ಗೆರೆ ಅಲ್ಲೇ ಇರುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ — ನಾನು ಅಡುಗೆಮನೆಯಲ್ಲಿ ಇದ್ದಾಗಲೆಲ್ಲ. ಲೋಟದ ಹಾಲನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಹಾಲು ಚೆಲ್ಲಿ ಗೊತ್ತಿಲ್ಲದ ಕೈ. ಚಹಾಕ್ಕೆ ಹಾಕಿಕೊಂಡೆ. ನನ್ನ ಮೊಮ್ಮಗಳ ಹಾಲನ್ನು ನಾನು ಚಹಾ ಮಾಡಿಕೊಂಡು ಕುಡಿದೆ. 

ಕೂಸು ಅಳುತ್ತಿತ್ತು. ಬಾಟಲಿ ಮುಗಿಸಿ ಸ್ವಲ್ಪ ಹೊತ್ತಿಗೆ ಮತ್ತೆ ಬಾಯಿ ತೆರೆದು ಹುಡುಕುತ್ತಿತ್ತು. "ದೃಷ್ಟಿ ತಾಗಿಕ್ಕು" ಎಂದು ಉಪ್ಪು ಮೆಣಸು ನಿವಾಳಿಸಿದೆ. ಹಸಿವೆಯ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಎಂದು ಊರಿಗೆಲ್ಲ ಹೇಳುವವಳು, ನನ್ನ ಮನೆಯ ಹಸಿವೆಗೆ ದೃಷ್ಟಿ ತೆಗೆದೆ.

ತೂಕ ನೋಡಿಸಲು ಸಿರ್ಸಿಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ, ಎತ್ತಿ, ಮತ್ತೆ ಮಲಗಿಸಿ ನೋಡಿದರು. ಏರಬೇಕಿದ್ದ ತೂಕ ಏರಿರಲಿಲ್ಲ. ಹಾಲು ಕಲಸುವವರು ಯಾರು ಎಂದು ಕೇಳಿದರು. "ನಾನರಿ," ಎಂದ ಬಸವರಾಜ. ಹೇಗೆ ಎಂದು ಕೇಳಿದರೆ ಒಂದೂ ಬಿಡದೆ ಹೇಳಿದ. "ನೀವು ಹೇಳೋದು ಸರಿಯಾಗೇ ಇದೆ. ಆದ್ರೆ ಎಲ್ಲೋ ನೀರು ಜಾಸ್ತಿ ಆಗ್ತಾ ಇದೆ," ಎಂದರು ಡಾಕ್ಟರು. ನೀರಾದ ಹಾಲಿನಿಂದ ಹೊಟ್ಟೆ ತುಂಬಿದ ಹಾಗಾಗುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಹೀಗೇ ಮುಂದುವರಿದರೆ ಕೂಸಿಗೆ ಫಿಟ್ಸ್ ಕೂಡ ಬರಬಹುದು ಎಂದರು.

ನಾನು ಹಾಕುತ್ತಿದ್ದ ನೀರು ಎಂತಹದು ಎಂದು ಆ ಗಳಿಗೆಯಲ್ಲಿ ನನಗೆ ಪೂರ್ತಿ ತಿಳಿಯಿತು. ಆಗಲೇ ಹೇಳಬೇಕಿತ್ತು. ಡಾಕ್ಟರು ಕಾಯುತ್ತಿದ್ದರು, ಬಾಯಿ ತೆರೆದದ್ದೂ ನಾನೇ. ಆದರೆ ಹೊರಬಂದ ಮಾತು —

"ಗಂಡಸರ ಕೈ ಡಾಕ್ಟ್ರೇ, ಅಳತೆ ಹೆಚ್ಚುಕಡಿಮೆ ಆಗಿರ್ಬಹುದು."

ಬಸವರಾಜ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ಆಮೇಲೆ ತನ್ನ ಕೈ ನೋಡಿಕೊಂಡ. "ಇರಬೌದ್ರಿ," ಎಂದ. "ಸ್ಟುಡಿಯೊದಿಂದ ಫೋನ್ ಬಂದಾಗ ಒಂದ್ ಚಮಚ ಬಿಟ್ಟಿರಬೌದು." ಮಾಡದ ತಪ್ಪಿಗೆ ಅವನೇ ಕಾರಣ ಹುಡುಕಿ ಕೊಟ್ಟ. ವೀಣಾ ಅಳತೊಡಗಿದಳು. ನಾನು ಅವಳ ಬೆನ್ನು ಸವರುತ್ತ ನಿಂತೆ, ದೊಡ್ಡ ಮನುಷ್ಯಳ ಹಾಗೆ.

ಆ ದಿನದಿಂದ ಅವನು ಬಾಟಲಿ ಮುಟ್ಟಲಿಲ್ಲ. ನಾನು ಡಬ್ಬಿ ಓದಿದೆ, ಚೂರಿಯ ಬೆನ್ನಿನಿಂದ ಚಮಚ ಸವರಿದೆ, ಅವನು ಮಾಡಿದ್ದನ್ನೇ ಒಂದೂ ಬಿಡದೆ ಮಾಡಿದೆ. ಕೂಸು ನೋಡನೋಡುತ್ತ ಗುಂಡಗಾಯಿತು. ದೊಡ್ಮನೆಯಿಂದ ಬಂದ ನನ್ನ ಅತ್ತಿಗೆ, "ಕೂಸು ಎಷ್ಟು ಚೆಂದ ಮೈ ತುಂಬ್ಕಂಜು! ನಿನ್ನ ಕೈಗುಣ ಬಿಡೇ," ಎಂದಳು. ಅಳಿಯನ ಕೈ ಕೆಟ್ಟದ್ದು, ನನ್ನ ಕೈ ಒಳ್ಳೆಯದು ಎಂಬ ಮಾತು ಊರೂರು ತಿರುಗಿತು. ಲೇಹ್ಯಕ್ಕೆ ಬರುವವರು ಹೆಚ್ಚಾದರು. ಯಾರಿಗೂ 'ಅಲ್ಲ' ಎನ್ನಲಿಲ್ಲ ನಾನು. ತಲೆ ತಗ್ಗಿಸಿ ನಗುತ್ತಿದ್ದೆ — ಅದನ್ನೂ ಅವರು ವಿನಯ ಅಂದುಕೊಂಡರು.

ಬಸವರಾಜ ಸಿರ್ಸಿಗೆ ಮರಳಿದ. ತಾಯಿ ಮಗು ಅವನ ಮನೆ ಸೇರಿದ ಮೇಲೂ ಅವನು ಮಗಳಿಂದ ಒಂದು ಮಾರು ದೂರ ಉಳಿದ. ಔಷಧಿ ಕುಡಿಸುವುದಿದ್ದರೆ "ನೀನ ಹಾಕು" ಎಂದು ವೀಣಾಳ ಕೈಗೆ ಕೊಡುವುದು, ಊಟ ಮಾಡಿಸಲು ಬಟ್ಟಲು ಕೊಟ್ಟರೆ ಸ್ಟುಡಿಯೊದಲ್ಲಿ ಕೆಲಸವಿದೆ ಎನ್ನುವುದು. ಬೇರೆ ಅಪ್ಪನಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಅವನು ಫೋಟೊದವನು. ಮಗಳ ಮೊದಲ ಹೆಜ್ಜೆ, ಮೊದಲ ಹಲ್ಲು, ಎಲ್ಲದರ ಫೋಟೊ ಇತ್ತು, ಒಂದರಲ್ಲೂ ಅವನು ಇರಲಿಲ್ಲ. ಫೋಟೊ ತೆಗೆದವನು ಫೋಟೊದಲ್ಲಿ ಹೇಗಿರುತ್ತಾನೆ ಎಂದು ಎಲ್ಲರೂ ಸುಮ್ಮನಿದ್ದರು. ವೀಣಾ ಮಾತ್ರ ಫೋನಿನಲ್ಲಿ, "ಅವಕ್ಕೆ ಮಗಳು ಹೇಳಿ ಇಲ್ಲೆ ಆಯಿ, ಕ್ಯಾಮೆರಾನೇ ಸಾಕು," ಎಂದು ಗಂಡನನ್ನು ದೂರುತ್ತಿದ್ದಳು. ಅವಳನ್ನು ಸಮಾಧಾನ ಮಾಡುತ್ತಿದ್ದೆ. ನಿಜ ಹೇಳಲು ಪ್ರತಿ ಸಲ ಉಸಿರು ಎಳೆದುಕೊಳ್ಳುತ್ತಿದ್ದೆ, ಪ್ರತಿ ಸಲ 'ಮುಂದಿನ ಸಲ' ಎನ್ನುತ್ತಿದ್ದೆ.

ಈ ವರ್ಷ ವೀಣಾಳಿಗೆ ಎರಡನೆಯದು, ಗಂಡು ಕೂಸು, ನಮ್ಮ ಮಾತಿನಲ್ಲಿ ಮಾಣಿ. ಈ ಸಲ ಸಿರ್ಸಿಯ ಅವರ ಮನೆಯಲ್ಲೇ ಬಾಣಂತನ. ನಾನು ಅಲ್ಲಿಗೆ ಹೋದೆ. ಮತ್ತೆ ಹಾಲು ಸಾಲಲಿಲ್ಲ, ಮತ್ತೆ ಡಬ್ಬಿ ಬಂತು. ಒಂದು ಬೆಳಿಗ್ಗೆ ನಾನು ಮಾಣಿಗೆ ಎಣ್ಣೆ ತಿಕ್ಕುತ್ತಿದ್ದೆ, ಕೈ ತುಂಬ ಎಣ್ಣೆ. ವೀಣಾ ಒಳಗೆ ಮಲಗಿದ್ದಳು. ಮಾಣಿ ಹಸಿದು ಕಿರುಚತೊಡಗಿದ. ಬಸವರಾಜ ಬಾಗಿಲಲ್ಲಿ ನಿಂತಿದ್ದ. "ಒಂದು ಬಾಟ್ಲಿ ಕಲಸ್ತೀರಾ?" ಎಂದೆ.

ಅವನು ಹಿಂದಕ್ಕೆ ಸರಿದ. "ಬ್ಯಾಡ್ರಿ ಅತ್ತಿಯವ್ರ. ನನ್ನ ಕೈಲೆ ಆಗಂಗಿಲ್ಲ. ಆ ಸಲ ಆಗಿದ್ದ ಸಾಕು."

ಪಕ್ಕದಲ್ಲಿ ಚಿತ್ರ ಬರೆಯುತ್ತ ಕೂತಿದ್ದ ಮೊಮ್ಮಗಳು ಇಂಚರ ತಲೆ ಎತ್ತದೆಯೇ, "ಅಪ್ಪಂಗೆ ಹಾಲು ಮಾಡಲೆ ಬತ್ತಿಲ್ಲೆ ಅಮ್ಮಮ್ಮ. ನಾ ಸಣ್ಣಕಿದ್ದಾಗ ತಪ್ಪು ಮಾಡಿದಿದ್ನಡ," ಎಂದಳು. ಬೇಸರವಿಲ್ಲ, ದೂರಿಲ್ಲ. ಆಕಾಶ ನೀಲಿ ಎನ್ನುವಷ್ಟು ಸಹಜವಾಗಿ. ನನ್ನ ಸುಳ್ಳು ಆ ಮಗುವಿನ ತಿಳಿವಳಿಕೆಯಾಗಿ ಕೂತಿತ್ತು. ತನ್ನ ಅಪ್ಪ ತನಗೆ ಹೊಟ್ಟೆ ತುಂಬ ಹಾಲು ಕೊಡಲು ಬಾರದವನು ಎಂದು ಅವಳು ದೊಡ್ಡವಳಾಗುತ್ತಿದ್ದಳು.

ಅಲ್ಲಿಗೆ ನನ್ನಿಂದ ಆಗಲಿಲ್ಲ. ಎಣ್ಣೆಕೈಯಲ್ಲೇ, ಕಿರುಚುವ ಮಾಣಿಯನ್ನು ಕಾಲ ಮೇಲೆ ಇಟ್ಟುಕೊಂಡೇ ಹೇಳಿದೆ: "ಬಸವರಾಜ, ತಪ್ಪು ನಿಮ್ಮದಲ್ಲ. ನೀವು ಕಲಸಿಟ್ಟು ಹೋದ ಮೇಲೆ ನಾನು ಅರ್ಧ ಚೆಲ್ಲಿ ನೀರು ಹಾಕ್ತಿದ್ದೆ. ದಿನಾ. ಡಾಕ್ಟರ ಎದುರಿಗೂ ಸುಳ್ಳು ಹೇಳಿದೆ." ಚೆಲ್ಲಿ ಎಂದದ್ದೂ ಸುಳ್ಳೇ ಎಂದು ನೆನಪಾಗಿ, "ಚೆಲ್ಲಿದ್ದಲ್ಲ, ಚಹಾಕ್ಕೆ ಹಾಕ್ಕೊಂಡು ಕುಡಿದೆ," ಎಂದೂ ಹೇಳಿದೆ. ಇನ್ನೇನನ್ನೂ ಉಳಿಸಿಕೊಳ್ಳುವ ಶಕ್ತಿ ಇರಲಿಲ್ಲ.

ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ತಲೆಬಾಗಿ ಕೇಳುತ್ತಿದ್ದೆ. ಅವನು ಬಾಗಿಲ ಚೌಕಟ್ಟು ಹಿಡಿದು ನೆಲ ನೋಡುತ್ತ ನಿಂತಿದ್ದ. ಆಮೇಲೆ ಒಂದೇ ಒಂದು ಮಾತು ಕೇಳಿದ:

"ಹಂಗಾರ... ನಂದು ಬರೋಬ್ಬರಿ ಇತ್ತೇನ್ರಿ?"

"ಬರೋಬ್ಬರಿ ಇತ್ತು," ಎಂದೆ. "ಒಂದು ಹನಿ ಆಚೀಚೆ ಇರಲಿಲ್ಲ."

ಅವನ ಕಣ್ಣು ತುಂಬಿತು. ನಾನೂ ಅತ್ತೆ, ಅಳುವುದಕ್ಕೆ ನನಗೆ ಹಕ್ಕಿರಲಿಲ್ಲ, ಆದರೂ ಅತ್ತೆ. ಅವನು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿತು, ಮೊಣಕೈಯವರೆಗೆ ತೊಳೆಯುವ ಸದ್ದು. ಬಾಟಲಿ ಹಿಡಿದು ಬಂದವನು ಚಾಪೆಯ ಮೇಲೆ ಕೂತು, ಎಣ್ಣೆ ಮೈಯ ಮಾಣಿಯನ್ನು ಹಾಗೆಯೇ ಎತ್ತಿಕೊಂಡು, ತಲೆಯನ್ನು ಮೊಣಕೈ ಮಡಿಕೆಯಲ್ಲಿ ಇಟ್ಟುಕೊಂಡು ಕುಡಿಸತೊಡಗಿದ. ಒಂದೂ ಮರೆತಿರಲಿಲ್ಲ. ಇಂಚರ ಬಣ್ಣದ ಕಡ್ಡಿ ಬಿಟ್ಟು ಅವನ ಬೆನ್ನಿಗೆ ಆತುಕೊಂಡು, ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಅಪ್ಪಂಗೆ ಹಾಲು ಮಾಡಲೆ ಬತ್ತು!" ಎಂದಳು.

ಎದೆಯ ಮೇಲಿನ ಭಾರ ಇಳಿಯಿತು ಎಂದು ಜನ ಹೇಳುವುದು ಸುಮ್ಮನೆ ಅಲ್ಲ. ಆ ಹೊತ್ತಿಗೆ ನನಗೆ ವಿಪರೀತ ಹಸಿವೆಯಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾಲ್ಕು ದೋಸೆ ತಿಂದೆ.

ವೀಣಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಗಂಡನಷ್ಟು ಸುಲಭವಲ್ಲ. "ಎಂತಕ್ಕೆ ಆಯಿ? ಆನು ಅವಕ್ಕೆ ಎಷ್ಟು ಮಾತು ಹೇಳಿದ್ದಿ ಗೊತ್ತಿದ್ದಾ ನಿಂಗೆ?" ಎಂದಳು. ಇಷ್ಟು ವರ್ಷ ತಾನು ಗಂಡನನ್ನು ಆಡಿದ್ದೆಲ್ಲ ಅವಳಿಗೆ ನೆನಪಾಗಿರಬೇಕು. ಹಳೆಯ ಪದ್ಧತಿ, ಗೊತ್ತಿರಲಿಲ್ಲ ಎಂದೆಲ್ಲ ಹೇಳಬಹುದಿತ್ತು. ಆದರೆ ಡಾಕ್ಟರ ಕೋಣೆಯಲ್ಲಿ ನನಗೆ ಗೊತ್ತಾಗಿತ್ತಲ್ಲ, ಆಮೇಲಿನದಕ್ಕೆ ಏನು ಹೇಳಲಿ? ಕೆಲವು ದಿನ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಈಗ ಸ್ವಲ್ಪ ಸಡಿಲವಾಗಿದ್ದಾಳೆ. ಗಂಡ ಹೆಂಡತಿ ಹಗಲಿಡೀ ಏನೋ ಮಾತಾಡಿಕೊಂಡು ನಗುವುದು ಕೇಳುತ್ತದೆ, ನನಗೆ ಅಷ್ಟು ಸಾಕು.

ಲೇಹ್ಯ ಇನ್ನೂ ಕಾಯಿಸುತ್ತೇನೆ. ಕೇಳಿದವರಿಗೆ, ಡಬ್ಬಿಯ ಹಾಲು ಕೊಡಬೇಕಾಗಿ ಬಂದರೆ ನಾಚಿಕೆ ಬೇಡ, ಡಬ್ಬಿಯಲ್ಲಿ ಬರೆದ ಅಳತೆ ಬಿಟ್ಟು ಒಂದು ಹನಿ ನೀರೂ ಬೇಡ, ಅನುಮಾನ ಬಂದರೆ ಡಾಕ್ಟರನ್ನು ಕೇಳಿ ಎನ್ನುತ್ತೇನೆ. ಯಾಕೆ ಎಂದರೆ ಈ ಕತೆಯನ್ನೂ ಹೇಳುತ್ತೇನೆ. ಕೆಲವರು ಲೇಹ್ಯ ತೆಗೆದುಕೊಳ್ಳದೆ ಹೋಗುತ್ತಾರೆ. ಹೋಗಲಿ.

ಬಸವರಾಜ ನನ್ನೊಡನೆ ಈಗ ತಮಾಷೆ ಮಾಡುತ್ತಾನೆ. ನಾನು ಚಹಾಕ್ಕೆ ಇಟ್ಟರೆ, "ಅತ್ತಿಯವ್ರ, ಹಾಲು ಫ್ರಿಜ್‌ನ್ಯಾಗ ಐತ್ರಿ, ಹುಡುಗನ ಬಾಟ್ಲಿಗೆ ಕೈ ಹಾಕಬ್ಯಾಡ್ರಿ ಮತ್ತ," ಎನ್ನುತ್ತಾನೆ. ಎಲ್ಲರೂ ನಗುತ್ತೇವೆ. ನಾನೂ ಮನಸಾರೆ ನಗುತ್ತೇನೆ.

ಆದರೆ ಒಂದನ್ನು ನಾನು ಗಮನಿಸಿದ್ದೇನೆ. ಕಲಸಿದ ಬಾಟಲಿಯನ್ನು ಅವನು ಈಗ ಬೋಗುಣಿಯಲ್ಲಿ ಇಟ್ಟು ಹೋಗುವುದಿಲ್ಲ. ನಲ್ಲಿಯ ಕೆಳಗೆ ಕೈಯಲ್ಲೇ ಹಿಡಿದು ತಣಿಸುತ್ತಾನೆ. ನಿನ್ನೆ ಮದುವೆ ಆಲ್ಬಂ ಒಯ್ಯಲು ಯಾರೋ ಬಂದು ಬಾಗಿಲು ಬಡಿದರು. ಅಡುಗೆಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನನ್ನ ಪಕ್ಕದಲ್ಲೇ ಕಟ್ಟೆ ಖಾಲಿ ಇತ್ತು. ಅವನು ಬಾಟಲಿ ಹಿಡಿದುಕೊಂಡೇ ಬಾಗಿಲ ಕಡೆ ಹೊರಟ. ಬೇಕೆಂದು ಮಾಡಿದ್ದಲ್ಲ, ಅವನಿಗೇ ಗೊತ್ತಿರಲಿಕ್ಕಿಲ್ಲ. ನನಗೆ ನೋವಾಯಿತು. ಆದರೂ, ಅಪ್ಪನಾದವನು ಹೀಗೇ ಇರಬೇಕು ಎಂದು ಅನ್ನಿಸಿತು. ಅವನ ದಾರಿಗೆ ಅಡ್ಡವಾಗಿ ನಿಂತಿದ್ದವಳು ಗೋಡೆಗೆ ಸರಿದು, ಅವನು ಹೋಗಲು ಜಾಗ ಬಿಟ್ಟೆ.